ಟೈಟ್ ಜಂಕ್ಷನ್: ಕರುಳಿನ ಸಂದಿ ಕಾಯುವ ಪ್ರೋಟೀನುಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರಲ್ಲಿ ಫಿಸಿಯಾಲಜಿ ಪಾಠ ಮಾಡುವ ನನ್ನ ಹತ್ತಿರ ಈ ವಿಷಯ ಕೇಳಿಕೊಂಡು ಬರುವವರು ಎರಡು ತರದವರು. ಇಂಟರ್ನಲ್ ಪರೀಕ್ಷೆ ಹತ್ತಿರ ಬಂದಾಗ ಕ್ಲಾಡಿನ್, ಅಕ್ಲೂಡಿನ್ ಅಂತ ಹೆಸರೆಲ್ಲ ಕಲಸಿಹೋದ ವಿದ್ಯಾರ್ಥಿಗಳು ಒಂದು ಕಡೆ. ಮೊಬೈಲಲ್ಲಿ "ಲೀಕಿ ಗಟ್" (ಅಂದರೆ ಸೋರುವ ಕರುಳು) ವಿಡಿಯೋ ನೋಡಿ ಗಾಬರಿಯಾದ ನೆಂಟರು ಇನ್ನೊಂದು ಕಡೆ. ಇಬ್ಬರ ತಲೆಯಲ್ಲೂ ಒಂದೇ ತಪ್ಪು ಕೂತಿರುತ್ತದೆ: ಕರುಳಿನ ಕೋಶಗಳ ನಡುವಿನ ಸಂದಿ ಬಿಗಿಯಾದಷ್ಟೂ ಆರೋಗ್ಯ, ಸಡಿಲವಾದಷ್ಟೂ ರೋಗ ಅಂತ. ಹಾಗಲ್ಲ. ಯಾಕೆ ಅಲ್ಲ ಅಂತ ಕೆಳಗೆ ನೋಡಿ.

ಎಪಿಥೀಲಿಯಂ ಅಂದ್ರೆ ಯಾವುದು? ಟೈಟ್ ಜಂಕ್ಷನ್ ಅದರಲ್ಲಿ ಎಲ್ಲಿರುತ್ತದೆ?

ದೇಹಕ್ಕೆ ಗಡಿ ಇರುವಲ್ಲೆಲ್ಲ ಹಾಸಿಕೊಂಡಿರುವ ಜೀವಕೋಶಗಳ ಪದರವೇ ಎಪಿಥೀಲಿಯಂ. ಚರ್ಮ, ಕರುಳಿನ ಒಳಮೈ, ಮೂತ್ರಪಿಂಡದ ಸಣ್ಣ ನಳಿಕೆಗಳು, ಶ್ವಾಸಕೋಶ, ಎಲ್ಲ ಕಡೆ ಇದೆ. ಮಧ್ಯಾಹ್ನ ಉಂಡ ಊಟ ಕರುಳಿಗೆ ಇಳಿದ ಮೇಲೂ ಲೆಕ್ಕಕ್ಕೆ ದೇಹದ ಹೊರಗೇ ಇರುತ್ತದೆ. ಆ ಊಟಕ್ಕೂ, ಅದರ ಜೊತೆಗಿರುವ ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾಕ್ಕೂ, ನಮ್ಮ ರಕ್ತಕ್ಕೂ ನಡುವೆ ಕರುಳಿನಲ್ಲಿ ಅಡ್ಡ ನಿಂತಿರುವುದು ಒಂದೇ ಸಾಲು ಜೀವಕೋಶ.

ಕೋಶದ ಪೊರೆ ಕೊಬ್ಬಿನದ್ದು. ಉಪ್ಪು, ಸಕ್ಕರೆ ಅದನ್ನು ಸುಮ್ನೆ ದಾಟಲಾರವು. ಆದರೆ ಅಕ್ಕಪಕ್ಕದ ಎರಡು ಕೋಶಗಳ ನಡುವೆ ಸಂದಿ ಇದ್ದೇ ಇರುತ್ತದಲ್ವಾ? ಆ ಸಂದಿಯ ಮೇಲ್ತುದಿಯಲ್ಲಿ, ಪ್ರತಿ ಕೋಶದ ಸುತ್ತ ಬೆಲ್ಟಿನ ಹಾಗೆ ಒಂದು ಪಟ್ಟಿ ಇದೆ. ಅದೇ ಟೈಟ್ ಜಂಕ್ಷನ್. ಅದರ ಕೆಳಗೆ ಅಡ್ಹೆರೆನ್ಸ್ ಜಂಕ್ಷನ್, ಇನ್ನೂ ಕೆಳಗೆ ಡೆಸ್ಮೊಸೋಮ್. ಕೆಳಗಿನ ಇವೆರಡು ಕೋಶಗಳನ್ನು ಗಟ್ಟಿಯಾಗಿ ಹಿಡಿದುಕೊಳ್ಳುವುದಕ್ಕೆ. ಸಂದಿಯಲ್ಲಿ ಯಾರು ಹೋಗಬಹುದು, ಯಾರು ಹೋಗಬಾರದು ಅನ್ನುವುದು ಮೇಲಿನ ಪಟ್ಟಿಯ ಕೆಲಸ. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಈ ಮೂರನ್ನೂ ಬೇರೆ ಬೇರೆಯಾಗಿ ಗುರುತಿಸಿ ವಿವರಿಸಿದ್ದು 1963ರಲ್ಲಿ ಮರಿಲಿನ್ ಫಾರ್ಕ್ವಾರ್ ಮತ್ತು ಜಾರ್ಜ್ ಪಲಾಡೆ. ಅದಕ್ಕೂ ಮುಂಚೆ ಅಲ್ಲಿ ಏನೋ ಅಂಟು ಮೆತ್ತಿಕೊಂಡಿದೆ ಅಂತಲೇ ತುಂಬಾ ಜನ ತಿಳಿದಿದ್ದರು.

ಹೆಸರುಗಳು ತುಂಬಾ ಇವೆ. ಮುಖ್ಯವಾದ ಪ್ರೋಟೀನ್ ಯಾವುದು?

ಕ್ಲಾಡಿನ್. ಒಂದೇ ಹೆಸರು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ.

ಆದರೆ ಅದು ಸಿಕ್ಕಿದ್ದು ತಡವಾಗಿ, ಮತ್ತು ಆ ಕಥೆ ಪಠ್ಯಪುಸ್ತಕದ ಪಟ್ಟಿಗಿಂತ ಚೆನ್ನಾಗಿದೆ. ಮೊದಲು ಸಿಕ್ಕಿದ್ದು ಝಡ್‌ಒ-1, 1986ರಲ್ಲಿ. ಅದು ಪೊರೆಯ ಒಳಬದಿಯಲ್ಲಿರುವ ಪ್ರೋಟೀನ್, ಹಾಗಾಗಿ ಸಂದಿಯನ್ನು ಅದೇ ಮುಚ್ಚಿರಲು ಸಾಧ್ಯವಿರಲಿಲ್ಲ. 1993ರಲ್ಲಿ ಜಪಾನಿನ ಶೋಯಿಚಿರೊ ಸುಕಿತಾ ಮತ್ತು ಮಿಕಿಯೊ ಫುರುಸೆ ಅವರ ತಂಡ ಕೋಳಿಯ ಲಿವರಿನಿಂದ ಅಕ್ಲೂಡಿನ್ ಹೆಕ್ಕಿ ತೆಗೆಯಿತು. ಪೊರೆಯನ್ನು ನಾಲ್ಕು ಸಲ ದಾಟುವ, ಎರಡು ಕುಣಿಕೆ ಹೊರಗೆ ಚಾಚುವ ಪ್ರೋಟೀನ್. ಸಿಕ್ಕಿಯೇ ಬಿಟ್ಟಿತು ಅಂತ ಎಲ್ಲರಿಗೂ ಖುಷಿ. ಆಮೇಲೆ ಅಕ್ಲೂಡಿನ್ ಜೀನ್ ತೆಗೆದುಹಾಕಿ ನೋಡಿದರು. ಟೈಟ್ ಜಂಕ್ಷನ್ ಇದ್ದ ಹಾಗೇ ಇತ್ತು! ಇಲಿಗಳೂ ಬದುಕಿದವು, ಬೇರೆ ಬೇರೆ ತೊಂದರೆ ಕಾಣಿಸಿತೇ ಹೊರತು ಕರುಳಿನ ತಡೆ ಕುಸಿಯಲಿಲ್ಲ.

ಹಾಗಾದರೆ ಬೇರೆ ಯಾರೋ ಇದ್ದಾರೆ ಅಂತ ಮತ್ತೆ ಹುಡುಕಿದಾಗ, 1998ರಲ್ಲಿ ಅದೇ ತಂಡಕ್ಕೆ ಕ್ಲಾಡಿನ್-1 ಮತ್ತು ಕ್ಲಾಡಿನ್-2 ಸಿಕ್ಕವು. ಟೈಟ್ ಜಂಕ್ಷನ್ನೇ ಇಲ್ಲದ ಫೈಬ್ರೋಬ್ಲಾಸ್ಟ್ ಕೋಶಗಳಿಗೆ ಕ್ಲಾಡಿನ್ ಕೊಟ್ಟರೆ ಸಾಕು, ಟೈಟ್ ಜಂಕ್ಷನ್ನಿನಲ್ಲಿ ಕಾಣುವಂಥ ಎಳೆಗಳು ಅಲ್ಲೇ ತಯಾರಾದವು. ಸಾಕ್ಷಿ ಅಂದರೆ ಅದು. ಈಗ ಸಸ್ತನಿಗಳಲ್ಲಿ 20ಕ್ಕಿಂತ ಜಾಸ್ತಿ ಕ್ಲಾಡಿನ್‌ಗಳು ಗೊತ್ತಿವೆ.

ಉಳಿದವರಿಗೆ ಏನು ಕೆಲಸ?

ಝಡ್‌ಒ-1 ಮತ್ತು ಝಡ್‌ಒ-2 ಒಳಗಿನಿಂದ ಕ್ಲಾಡಿನ್‌ಗಳ ಬಾಲ ಹಿಡಿದು, ಇನ್ನೊಂದು ಕೈಯಲ್ಲಿ ಕೋಶದ ಆಕ್ಟಿನ್ ನಾರುಗಳನ್ನು ಹಿಡಿದಿರುತ್ತವೆ. ಎರಡೂ ಇಲ್ಲದ ಕೋಶದಲ್ಲಿ ಕ್ಲಾಡಿನ್ ಎಳೆಗಳೇ ಸೇರಿಕೊಳ್ಳುವುದಿಲ್ಲ. ಅಂದರೆ ಕ್ಲಾಡಿನ್ ಎಲ್ಲಿ ನಿಲ್ಲಬೇಕು ಅಂತ ಹೇಳುವವರು ಇವರು. ಟ್ರೈಸೆಲ್ಯುಲಿನ್ ಅಂತ ಒಂದಿದೆ, ಮೂರು ಕೋಶಗಳು ಕೂಡುವ ಮೂಲೆಯಲ್ಲಿ ಕೂರುತ್ತದೆ. ಮೂಲೆ ಯಾವತ್ತೂ ಕಷ್ಟದ ಜಾಗ, ಅದಕ್ಕೆ ಬೇರೆಯೇ ಪ್ರೋಟೀನ್ ಬೇಕಾಯಿತು. ಜಾಮ್-ಎ ಜಂಕ್ಷನ್ ಕಟ್ಟುವುದಕ್ಕೆ ಸಹಾಯ ಮಾಡುತ್ತದೆ. ಅಕ್ಲೂಡಿನ್ ಪೂರ್ತಿ ನಿರುದ್ಯೋಗಿ ಏನಲ್ಲ, ಅದರ ವಿಷಯ ಕೆಳಗೆ ಬರುತ್ತದೆ.

ಅಂದ್ರೆ ಇದೊಂದು ಗೋಡೆ, ಅಲ್ವಾ?

ಗೋಡೆಗಿಂತ ನಮ್ಮ ಮಂಗಳೂರು ಹಂಚಿನ ಮಾಡು ಅನ್ನಿ. ಒಂದು ಹಂಚಿನ ಏಣು ಇನ್ನೊಂದರ ತಗ್ಗಿನಲ್ಲಿ ಕೂತು ಕೊಂಡಿ ಹಾಕಿಕೊಳ್ಳುತ್ತದೆ, ಆಟಿಯ ಮಳೆ ಒಳಗೆ ಬರುವುದಿಲ್ಲ, ಆದರೆ ಅಡುಗೆಮನೆಯ ಹೊಗೆ ಅದೇ ಸಂದಿಯಿಂದ ಹೊರಗೆ ಹೋಗುತ್ತದೆ. ಕ್ಲಾಡಿನ್‌ಗಳೂ ಪಕ್ಕದ ಕೋಶದ ಕ್ಲಾಡಿನ್ ಜೊತೆ ತಮ್ಮ ಹೊರಗಿನ ಕುಣಿಕೆಗಳನ್ನು ಹೆಣೆದುಕೊಂಡು ನಿಲ್ಲುತ್ತವೆ. ಆ ಹೆಣಿಗೆಯಲ್ಲಿ ಕೆಲವು ಕ್ಲಾಡಿನ್‌ಗಳು ಪೂರ್ತಿ ಮುಚ್ಚುತ್ತವೆ, ಕೆಲವು ಬೇಕೆಂತಲೇ ಸಣ್ಣ ರಂಧ್ರ ಬಿಡುತ್ತವೆ.

ಆ ರಂಧ್ರಕ್ಕೆ ವಿದ್ಯುತ್ ಗುಣವೂ ಇದೆ. ಕ್ಲಾಡಿನ್-2 ಮತ್ತು ಕ್ಲಾಡಿನ್-15ರ ರಂಧ್ರದ ಒಳಬದಿಯಲ್ಲಿ ಋಣ ಆವೇಶದ ಅಮೈನೋ ಆಮ್ಲ ಕೂತಿದೆ, ಹಾಗಾಗಿ ಧನ ಆವೇಶದ ಸೋಡಿಯಂ, ಪೊಟ್ಯಾಸಿಯಂ ಸಲೀಸಾಗಿ ಹೋಗುತ್ತವೆ, ಕ್ಲೋರೈಡಿಗೆ ಕಷ್ಟ. ಪ್ರಯೋಗದಲ್ಲಿ ಆ ಒಂದೆರಡು ಅಮೈನೋ ಆಮ್ಲಗಳ ಆವೇಶ ತಿರುಗಿಸಿದರೆ ಯಾರಿಗೆ ದಾರಿ ಅನ್ನುವುದೂ ತಿರುಗಿಬಿಡುತ್ತದೆ. ಇದು ಗೊತ್ತಾದ ಮೇಲೆ ಸಂದಿಯನ್ನು ಸುಮ್ನೆ ಸಂದಿ ಅಂತ ಕರೆಯಲು ಮನಸ್ಸಾಗುವುದಿಲ್ಲ.

ಪೋರ್ ಪಾಥ್‌ವೇ, ಲೀಕ್ ಪಾಥ್‌ವೇ ಅಂತ ಎರಡು ಯಾಕೆ ಓದಬೇಕು?

ಎರಡೂ ಬೇರೆ ಬೇರೆ, ಹಾಳಾಗುವ ರೀತಿಯೂ ಬೇರೆ, ಅದಕ್ಕೆ. ಪೋರ್ ದಾರಿ ಅಂದರೆ ಈಗ ಹೇಳಿದ ಕ್ಲಾಡಿನ್ ರಂಧ್ರ. ಅದರ ತ್ರಿಜ್ಯ ಸುಮಾರು 4 ಆಂಗ್‌ಸ್ಟ್ರಾಮ್ (ಒಂದು ಆಂಗ್‌ಸ್ಟ್ರಾಮ್ ಅಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಭಾಗ). ಅಯಾನು (ಸೋಡಿಯಂ, ಕ್ಲೋರೈಡಿನಂಥ ಆವೇಶದ ಕಣ), ನೀರು, ತೀರಾ ಸಣ್ಣ ಕಣ ಮಾತ್ರ ದಾಟುತ್ತವೆ. ದಾಟುವವರ ಸಂಖ್ಯೆ ಜಾಸ್ತಿ, ಗಾತ್ರ ಚಿಕ್ಕದು. ಲೀಕ್ ದಾರಿಯಲ್ಲಿ ದೊಡ್ಡ ಅಣುಗಳೂ ಹೋಗಬಹುದು, ಆವೇಶದ ಭೇದ ಇಲ್ಲ, ಆದರೆ ಹೋಗುವ ಪ್ರಮಾಣ ತುಂಬಾ ಕಮ್ಮಿ. ಅಕ್ಲೂಡಿನ್, ಝಡ್‌ಒ-1 ಮುಖ್ಯವಾಗುವುದು ಈ ಎರಡನೆಯದರಲ್ಲಿ.

ಮೂರನೆಯದೊಂದೂ ಇದೆ. ಕೋಶಗಳೇ ಸತ್ತು ಹುಣ್ಣಾದರೆ ಅಲ್ಲಿ ಟೈಟ್ ಜಂಕ್ಷನ್ನಿನ ಪ್ರಶ್ನೆಯೇ ಇಲ್ಲ, ಬ್ಯಾಕ್ಟೀರಿಯಾ ಕೂಡ ನುಗ್ಗುತ್ತದೆ. "ಜಂಕ್ಷನ್ ಸಡಿಲವಾಗಿ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರುತ್ತದೆ" ಅಂತ ವಿಡಿಯೋದವರು ಹೇಳುವಾಗ ಈ ಮೂರನ್ನೂ ಒಂದೇ ಪಾತ್ರೆಗೆ ಹಾಕಿ ಕಲಸಿರುತ್ತಾರೆ. ಲೀಕ್ ದಾರಿ ಎಷ್ಟು ಅಗಲವಾದರೂ ಇಡೀ ಬ್ಯಾಕ್ಟೀರಿಯಾ ಹಿಡಿಸುವಷ್ಟು ಇರುವುದಿಲ್ಲ.

ಇದನ್ನೆಲ್ಲ ಅಳೆಯುವುದು ಹೇಗೆ?

ಲ್ಯಾಬಿನಲ್ಲಿ ವಿದ್ಯುತ್ ಪ್ರತಿರೋಧ ನೋಡುತ್ತಾರೆ. ಸಣ್ಣ ಪ್ಲಾಸ್ಟಿಕ್ ಕಪ್ಪು, ಅದರ ತಳದಲ್ಲಿ ತೂತುಗಳಿರುವ ತೆಳು ಪೊರೆ, ಅದರ ಮೇಲೆ ಕೋಶಗಳು. ಮೇಲೊಂದು ಕೆಳಗೊಂದು ಎಲೆಕ್ಟ್ರೋಡ್ ಇಟ್ಟರೆ ಮೀಟರಿನಲ್ಲಿ ಓಮ್ ಲೆಕ್ಕ ಬರುತ್ತದೆ. ಸಂದಿಯಲ್ಲಿ ಅಯಾನು ಓಡಾಡಿದಷ್ಟೂ ಓಮ್ ಕಮ್ಮಿ. ಕರುಳಿನ ಕೋಶಗಳ ಬದಲಿಗೆ ದೊಡ್ಡ ಕರುಳಿನ ಕ್ಯಾನ್ಸರಿನಿಂದ ತೆಗೆದ ಕ್ಯಾಕೊ-2 ಅನ್ನುವ ಕೋಶಗಳನ್ನು ಬೆಳೆಸುತ್ತಾರೆ, ಅವು ಚೆನ್ನಾಗಿ ಬೆಳೆದು ನಿಲ್ಲಲು ಸುಮಾರು 21 ದಿನ ಬೇಕು. ತಾಳ್ಮೆ ಇಲ್ಲದವರಿಗೆ ಹೇಳಿಸಿದ ಕೆಲಸ ಅಲ್ಲ. ದಿನಾ ಒಂದೇ ಹೊತ್ತಿಗೆ, ಒಂದೇ ಉಷ್ಣತೆಯಲ್ಲಿ ಅಳೆಯಬೇಕು, ಇನ್ಕ್ಯುಬೇಟರಿನಿಂದ ಹೊರಗೆ ತೆಗೆದು ತಣ್ಣಗಾಗುತ್ತಾ ಹೋದರೆ ಓಮ್ ತಾನಾಗಿ ಏರುತ್ತದೆ.

ಪ್ರತಿರೋಧ ಪೋರ್ ದಾರಿಯ ಕಥೆ ಹೇಳುತ್ತದೆ. ಲೀಕ್ ದಾರಿಗೆ ಹೊಳೆಯುವ ಬಣ್ಣ ಕಟ್ಟಿದ ಡೆಕ್ಸ್‌ಟ್ರಾನ್ ಅನ್ನುವ ದೊಡ್ಡ ಸಕ್ಕರೆ ಅಣು ಹಾಕಿ ಎಷ್ಟು ಕೆಳಗಿಳಿಯಿತು ಅಂತ ನೋಡಬೇಕು. ಒಂದನ್ನು ಅಳೆದು ಇನ್ನೊಂದರ ಬಗ್ಗೆ ತೀರ್ಪು ಕೊಡಬೇಡಿ.

ಇಲ್ಲಿ ನನಗೆ ಇಷ್ಟವಾದ ಪ್ರಯೋಗ ಒಂದಿದೆ. ನಾಯಿಯ ಮೂತ್ರಪಿಂಡದಿಂದ ಬಂದ ಎಂಡಿಸಿಕೆ ಅನ್ನುವ ಕೋಶಗಳಲ್ಲಿ ಎರಡು ತಳಿ. ಒಂದರ ಪ್ರತಿರೋಧ ತುಂಬಾ ಜಾಸ್ತಿ, ಇನ್ನೊಂದರದ್ದು ತುಂಬಾ ಕಮ್ಮಿ. ಮೈಕ್ರೋಸ್ಕೋಪಿನಲ್ಲಿ ಎರಡರ ಜಂಕ್ಷನ್ ಎಳೆಗಳಲ್ಲಿ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. 2001ರಲ್ಲಿ ಬಿಗಿ ತಳಿಗೆ ಕ್ಲಾಡಿನ್-2 ಒಂದನ್ನೇ ಸೇರಿಸಿದರು, ಪ್ರತಿರೋಧ 20 ಪಟ್ಟಿಗಿಂತಲೂ ಕೆಳಗೆ ಬಿತ್ತು. ಎಷ್ಟು ಎಳೆ ಇದೆ ಅನ್ನುವುದಕ್ಕಿಂತ ಆ ಎಳೆಯಲ್ಲಿ ಯಾವ ಕ್ಲಾಡಿನ್ ಇದೆ ಅನ್ನುವುದು ದೊಡ್ಡದು.

ಸಂದಿಯಿಂದ ಸೋರುವುದು ದೇಹಕ್ಕೆ ಒಳ್ಳೇದಾ? ಒಂದು ಉದಾಹರಣೆ ಕೊಡಿ.

ಒಂದಲ್ಲ, ಎರಡು ಕೊಡುತ್ತೇನೆ.

ಮೊದಲನೆಯದು ಗಂಜಿ. ಕುಚ್ಚಲಕ್ಕಿ ಗಂಜಿಯ ಪಿಷ್ಟ ಕರುಳಿನಲ್ಲಿ ಒಡೆದು ಗ್ಲೂಕೋಸ್ ಆಗುತ್ತದೆ. ಗ್ಲೂಕೋಸ್ ಕೋಶದೊಳಗೆ ಹೋಗಲು ಎಸ್‌ಜಿಎಲ್‌ಟಿ-1 ಅನ್ನುವ ಸಾಗಣೆದಾರ ಬೇಕು, ಅವನು ಒಂದು ಗ್ಲೂಕೋಸಿನ ಜೊತೆ ಎರಡು ಸೋಡಿಯಂ ಇದ್ದರೆ ಮಾತ್ರ ಒಳಗೆ ಬಿಡುತ್ತಾನೆ. ಅಷ್ಟೊಂದು ಸೋಡಿಯಂ ಎಲ್ಲಿಂದ ಬರಬೇಕು? ಗಂಜಿಗೆ ಹಾಕಿದ ಉಪ್ಪು, ಬದಿಯಲ್ಲಿಟ್ಟ ಉಪ್ಪಿನಕಾಯಿ ಪೂರ್ತಿ ಸಾಲುವುದಿಲ್ಲ. ಒಳಗೆ ಹೋದ ಸೋಡಿಯಂ ಕ್ಲಾಡಿನ್-2 ಮತ್ತು ಕ್ಲಾಡಿನ್-15ರ ರಂಧ್ರದಿಂದ ಮತ್ತೆ ಕರುಳಿಗೆ ಸೋರಿ ಬರುತ್ತದೆ, ಮತ್ತೆ ಗ್ಲೂಕೋಸ್ ಹಿಡಿದುಕೊಂಡು ಒಳಗೆ ಹೋಗುತ್ತದೆ. ಈ ಎರಡೂ ಕ್ಲಾಡಿನ್ ಇಲ್ಲದ ಇಲಿಮರಿಗಳು ತಾಯಿ ಹಾಲು ಕುಡಿದೂ ಪೋಷಣೆ ಹೀರಿಕೊಳ್ಳಲಾಗದೆ ಸತ್ತವು. ಅವುಗಳ ಕರುಳು "ಬಿಗಿ"ಯಾಗಿತ್ತು, ಅದೇ ಅವುಗಳಿಗೆ ಮುಳುವಾಯಿತು.

ಎರಡನೆಯದು ಮೂತ್ರಪಿಂಡ. ಅಲ್ಲಿ ಹೆನ್ಲೆ ಕುಣಿಕೆಯ (ಸಣ್ಣ ನಳಿಕೆ ಕೆಳಗಿಳಿದು ತಿರುಗಿ ಮೇಲೆ ಬರುವ ಭಾಗ) ದಪ್ಪ ಏರುಭಾಗದಲ್ಲಿ ಕ್ಲಾಡಿನ್-16 ಮತ್ತು 19 ಸೇರಿ ಮೆಗ್ನೀಸಿಯಂ, ಕ್ಯಾಲ್ಸಿಯಂ ರಕ್ತಕ್ಕೆ ಮರಳಲು ದಾರಿ ಬಿಡುತ್ತವೆ. ಕ್ಲಾಡಿನ್-16ರಲ್ಲಿ ದೋಷ ಇರುವ ಕುಟುಂಬಗಳನ್ನು 1999ರಲ್ಲಿ ಗುರುತಿಸಿದರು. ಆ ಮಕ್ಕಳ ರಕ್ತದಲ್ಲಿ ಮೆಗ್ನೀಸಿಯಂ ಇಳಿಯುತ್ತದೆ, ಮೂತ್ರದಲ್ಲಿ ಕ್ಯಾಲ್ಸಿಯಂ ಏರುತ್ತದೆ, ಮೂತ್ರಪಿಂಡದಲ್ಲೇ ಸುಣ್ಣ ಕಟ್ಟಿಕೊಳ್ಳುತ್ತದೆ. ಇಲ್ಲೂ ರೋಗ ಬಂದದ್ದು ಸೋರಬೇಕಾದ ಕಡೆ ಸೋರದೇ ಇದ್ದದ್ದರಿಂದ.

ಮಳೆಗಾಲದ ವಾಂತಿ ಭೇದಿಗೂ ಇದಕ್ಕೂ ಏನು ಸಂಬಂಧ?

ಜೂನ್ ತಿಂಗಳಲ್ಲಿ ಬಾವಿಗೆ ಕೊಳಕು ನೀರು ಇಳಿದ ಮೇಲೆ ಈ ಪ್ರಶ್ನೆ ತಾನಾಗಿ ಬರುತ್ತದೆ. ಕಾಲರಾ ವಿಷ ಮುಖ್ಯವಾಗಿ ಕೋಶದೊಳಗಿನ ದಾರಿಯನ್ನು ಕೆಡಿಸುತ್ತದೆ. ಕ್ಲೋರೈಡ್ ಬಾಗಿಲು ತೆರೆದೇ ಉಳಿಯುತ್ತದೆ, ಕ್ಲೋರೈಡ್ ಕರುಳಿಗೆ ಸುರಿಯುತ್ತದೆ, ಅದರ ಹಿಂದೆ ಸೋಡಿಯಂ ಕೋಶಗಳ ಸಂದಿಯಿಂದ ಬರುತ್ತದೆ, ಅದರ ಹಿಂದೆ ನೀರು. ಇದರ ಜೊತೆ ಕಾಲರಾ ಬ್ಯಾಕ್ಟೀರಿಯಾ ಬಿಡುವ ಒಂದು ಕಿಣ್ವ ಅಕ್ಲೂಡಿನ್ನನ್ನೂ ಕತ್ತರಿಸುತ್ತದೆ. ಎಸ್‌ಜಿಎಲ್‌ಟಿ-1 ಮಾತ್ರ ಕೆಟ್ಟಿರುವುದಿಲ್ಲ. ಓಆರ್‌ಎಸ್ ಕೆಲಸ ಮಾಡುವುದು ಅದನ್ನೇ ನಂಬಿ. ಈಗಿನ ಪ್ಯಾಕೆಟ್ ಒಂದು ಲೀಟರಿಗೆ ಕರಗಿಸಿದಾಗ ಸೋಡಿಯಂ 75, ಗ್ಲೂಕೋಸ್ 75 ಮಿಲಿಮೋಲ್, ಸಮ ಸಮ. ಪ್ಯಾಕೆಟ್ ಮೇಲೆ ಬರೆದಷ್ಟೇ ನೀರು ಹಾಕಿ, ಮಗುವಿಗೆ ರುಚಿಯಾಗಲಿ ಅಂತ ಮೇಲಿಂದ ಸಕ್ಕರೆ ಹಾಕಬೇಡಿ. ಸಕ್ಕರೆ ಜಾಸ್ತಿಯಾದರೆ ಅದೇ ನೀರನ್ನು ಕರುಳಿಗೆ ಎಳೆಯುತ್ತದೆ.

ಇನ್ನೊಂದು ವಿಷಯ. ಸೋಂಕು ಬಂದಾಗ ದೇಹವೇ ಕ್ಲಾಡಿನ್-2 ಹೆಚ್ಚಿಸುವುದೂ ಉಂಟು. ಇಂಟರ್‌ಲೂಕಿನ್-22 ಅನ್ನುವ ಸಂದೇಶವಾಹಕದಿಂದ ಹಾಗಾಗುತ್ತದೆ, ನೀರು ಜಾಸ್ತಿ ಬಂದು ರೋಗಾಣು ಬೇಗ ತೊಳೆದುಹೋಗುತ್ತದೆ ಅಂತ ಇಲಿಗಳಲ್ಲಿ 2017ರಲ್ಲಿ ತೋರಿಸಿದರು.

ಸಮಾರಂಭದ ಮರುದಿನದ ಭೇದಿ ಬೇರೆ ಕಥೆ. ದೊಡ್ಡ ಪಾತ್ರೆಯಲ್ಲಿ ಮಾಡಿದ ಕೋಳಿ ಪದಾರ್ಥ ರಾತ್ರಿಯಿಡೀ ಉಗುರುಬೆಚ್ಚಗೆ ಕೂತಿದ್ದರೆ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಅನ್ನುವ ಬ್ಯಾಕ್ಟೀರಿಯಾ ಬೆಳೆಯಬಹುದು. ಅದರ ವಿಷ ಕ್ಲಾಡಿನ್-3 ಮತ್ತು 4ನ್ನೇ ಹಿಡಿಕೆಯಾಗಿ ಹಿಡಿದು ಕೋಶದ ಪೊರೆಯಲ್ಲಿ ತೂತು ಕೊರೆಯುತ್ತದೆ. ಕಾವಲಿಗೆ ನಿಂತವರನ್ನೇ ಏಣಿ ಮಾಡಿಕೊಳ್ಳುವುದು ಅಂದರೆ ಇದು.

ಬಿಗಿ, ಸಡಿಲ ಮಾಡುವ ಸೂಚನೆ ಎಲ್ಲಿಂದ ಬರುತ್ತದೆ?

ಝಡ್‌ಒ ಹಿಡಿದಿರುವ ಆಕ್ಟಿನ್ ನಾರುಗಳ ವಿಷಯ ಹೇಳಿದೆನಲ್ವಾ, ಅವು ಮಯೋಸಿನ್ ಅನ್ನುವ ಪ್ರೋಟೀನಿನ ಜೊತೆ ಸೇರಿ ಜಂಕ್ಷನ್ನಿನ ಒಳಬದಿಗೆ ಒಂದು ಉಂಗುರ ಮಾಡಿಕೊಂಡಿರುತ್ತವೆ. ಮಯೋಸಿನ್ ಲೈಟ್ ಚೈನ್ ಕೈನೇಸ್ ಅನ್ನುವ ಕಿಣ್ವ ಮಯೋಸಿನ್‌ಗೆ ಫಾಸ್ಫೇಟ್ ಅಂಟಿಸಿದರೆ ಉಂಗುರ ಸಂಕುಚಿಸುತ್ತದೆ, ಜಂಕ್ಷನ್ ಎಳೆದಂತಾಗುತ್ತದೆ, ಅಕ್ಲೂಡಿನ್ ಪೊರೆಯಿಂದ ಕೋಶದೊಳಗೆ ಜಾರುತ್ತದೆ, ಲೀಕ್ ದಾರಿ ಅಗಲವಾಗುತ್ತದೆ. ಊಟದ ಗ್ಲೂಕೋಸ್ ಬಂದಾಗಲೂ ಇದು ಸ್ವಲ್ಪ ನಡೆಯುತ್ತದೆ, ಅದು ಸಹಜ. ಉರಿಯೂತದಲ್ಲಿ ಟಿಎನ್‌ಎಫ್ ಅನ್ನುವ ಸಂದೇಶವಾಹಕ ಈ ಕಿಣ್ವವನ್ನು ಜಾಸ್ತಿ ಮಾಡುತ್ತದೆ, ಆಗ ಅದು ತೊಂದರೆ. ಅಂಥದ್ದೇ ಇನ್ನೊಂದು ಸಂದೇಶವಾಹಕ ಇಂಟರ್‌ಲೂಕಿನ್-13 ಬೇರೆ ದಾರಿ ಹಿಡಿಯುತ್ತದೆ: ಕ್ಲಾಡಿನ್-2 ಹೆಚ್ಚಿಸಿ ಪೋರ್ ದಾರಿ ತೆರೆಯುತ್ತದೆ. ಮೊದಲನೆಯದು ನಿಮಿಷಗಳಿಂದ ಗಂಟೆಗಳಲ್ಲಿ ಕಾಣಬಹುದು, ಎರಡನೆಯದಕ್ಕೆ ಹೊಸ ಪ್ರೋಟೀನ್ ತಯಾರಾಗಬೇಕು, ತಡ.

ಇದೆಲ್ಲದರ ನಡುವೆ ಸಣ್ಣ ಕರುಳಿನ ಕೋಶಗಳು ಮೂರರಿಂದ ಐದು ದಿನಕ್ಕೊಮ್ಮೆ ಬದಲಾಗುತ್ತಿರುತ್ತವೆ. ಹಳೆಯ ಕೋಶ ಉದುರುವಾಗ ಜಂಕ್ಷನ್ ಪ್ರೋಟೀನುಗಳು ಅದರ ಬದಿಗುಂಟ ಕೆಳಗಿನವರೆಗೂ ಹರಡಿಕೊಂಡು, ಜಾಗ ತೆರವಾದರೂ ತಡೆ ತೆರವಾಗದ ಹಾಗೆ ನೋಡಿಕೊಳ್ಳುತ್ತವೆ.

ಹಾಗಾದ್ರೆ ಲೀಕಿ ಗಟ್ ಅನ್ನುವುದು ರೋಗವಾ?

ಕರುಳಿನ ಸೋರುವಿಕೆ ಹೆಚ್ಚಾಗುವುದು ನಿಜ. ಕ್ರೋನ್ಸ್ ರೋಗ (ಕರುಳಿನಲ್ಲಿ ಬಹುಕಾಲ ಉಳಿಯುವ ಉರಿಯೂತ), ಸೀಲಿಯಾಕ್ ರೋಗದಲ್ಲಿ (ಗೋಧಿಯ ಗ್ಲುಟೆನ್‌ನಿಂದ ಕರುಳು ಕೆಡುವುದು) ಅಳೆದು ನೋಡಿದ್ದಾರೆ. ಆದರೆ ಅದೊಂದೇ ರೋಗ ತರುತ್ತದೆ ಅನ್ನಲು ಪುರಾವೆ ಸಾಲದು. ಕ್ರೋನ್ಸ್ ರೋಗಿಗಳ ಆರೋಗ್ಯವಂತ ಅಣ್ಣತಮ್ಮಂದಿರು, ಮಕ್ಕಳಲ್ಲೂ ಕೆಲವರಿಗೆ ಸೋರುವಿಕೆ ಜಾಸ್ತಿ ಇರುತ್ತದೆ, ರೋಗ ಇರುವುದಿಲ್ಲ. ಮೇಲೆ ಹೇಳಿದ ಕೈನೇಸ್ ಕರುಳಿನಲ್ಲಿ ಸದಾ ಚಾಲೂ ಇರುವ ಹಾಗೆ ಮಾಡಿದ ಇಲಿಗಳೂ ಚೆನ್ನಾಗಿಯೇ ಬೆಳೆದವು. ಮೇಲಿಂದ ಇನ್ನೊಂದು ಪೆಟ್ಟು ಬಿದ್ದಾಗ ಮಾತ್ರ ಅವುಗಳ ಕರುಳಿನ ಉರಿಯೂತ ಬೇಗ ಬಂತು, ಜೋರಾಗಿಯೂ ಬಂತು.

ಆದ್ದರಿಂದ ಬೆನ್ನು ನೋವು, ಮೊಡವೆ, ಮರೆವು, ಸುಸ್ತು ಎಲ್ಲದಕ್ಕೂ ಲೀಕಿ ಗಟ್ ಕಾರಣ ಅಂತ ಹೇಳಿ ಪುಡಿ ಮಾರುವವರ ಹತ್ತಿರ ನನಗೆ ತಕರಾರಿದೆ.

ಝೊನುಲಿನ್ ಟೆಸ್ಟ್ ಮಾಡಿಸಲಾ?

ನನ್ನ ಮಟ್ಟಿಗೆ ಬೇಡ. ಟೈಟ್ ಜಂಕ್ಷನ್ ಸಡಿಲ ಮಾಡುತ್ತದೆ ಅನ್ನಲಾದ ಪ್ರೋಟೀನ್ ಝೊನುಲಿನ್; ಅದರ ಬಗ್ಗೆ ಅಲೆಸಿಯೊ ಫಸಾನೊ ಅನ್ನುವ ಸಂಶೋಧಕರ ತಂಡ 2000ದಲ್ಲಿ ಬರೆಯಿತು, 2009ರಲ್ಲಿ ಅದು ಪ್ರೀ-ಹ್ಯಾಪ್ಟೋಗ್ಲೋಬಿನ್-2 ಅಂತ ಗುರುತಿಸಿತು. ಆದರೆ ಮಾರುಕಟ್ಟೆಯ ಕಿಟ್ಟುಗಳನ್ನು ಪರೀಕ್ಷಿಸಿದಾಗ ಅವು ಆ ಪ್ರೋಟೀನನ್ನೇ ಹಿಡಿಯುತ್ತಿಲ್ಲ ಅಂತ 2018ರಲ್ಲಿ ಕಂಡುಬಂತು. ಏನು ಅಳೆಯುತ್ತಿದೆ ಅಂತ ಗೊತ್ತಿಲ್ಲದ ಸಂಖ್ಯೆ ಹಿಡಿದುಕೊಂಡು ನಿದ್ದೆ ಕೆಡಿಸಿಕೊಳ್ಳುವುದು ಯಾಕೆ? ಸಂಶೋಧನೆಯಲ್ಲಿ ಲ್ಯಾಕ್ಟುಲೋಸ್ ಮತ್ತು ಮ್ಯಾನಿಟಾಲ್ ಅನ್ನುವ ಎರಡು ಸಕ್ಕರೆ ಜಾತಿಯ ವಸ್ತು ಕುಡಿಸಿ ಮೂತ್ರದಲ್ಲಿ ಎರಡರ ಅನುಪಾತ ನೋಡುವ ಪರೀಕ್ಷೆ ಇದೆ, ಅದು ಪರವಾಗಿಲ್ಲ. ತೂಕ ಇಳಿಯುವುದು, ರಕ್ತ ಬೀಳುವುದು, ವಾರಗಟ್ಟಲೆ ಭೇದಿ ಇದ್ದರೆ ನೇರ ಡಾಕ್ಟರ ಹತ್ತಿರ ಹೋಗಿ.

ಏನು ತಿಂದ್ರೆ ಒಳ್ಳೇದು? ಏನು ಬಿಡಬೇಕು?

ನಾರು ಇರುವ ಊಟ. ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಅದನ್ನು ಹುಳಿಸಿ ಬ್ಯುಟಿರೇಟ್ ಮಾಡುತ್ತವೆ, ಅದು ಅಲ್ಲಿನ ಕೋಶಗಳ ಮುಖ್ಯ ಇಂಧನ. ಬಸಳೆ, ಹೆಸರುಕಾಳು, ಹರಿವೆ, ಗುಜ್ಜೆ ಪಲ್ಯ ಎಲ್ಲ ನಡೆಯುತ್ತದೆ. ಇದಕ್ಕೆ ಬೇರೆ ಪುಡಿ ಬೇಡ. ಮದ್ಯ ಮತ್ತು ಡೈಕ್ಲೋಫೆನಾಕ್ ತರದ ನೋವಿನ ಮಾತ್ರೆ ಎರಡೂ ಸೋರುವಿಕೆ ಹೆಚ್ಚಿಸುತ್ತವೆ. ಮೊಣಕಾಲು ನೋವಿಗೆ ಅಂಗಡಿಯಿಂದ ತಂದು ತಿಂಗಳುಗಟ್ಟಲೆ ಡೈಕ್ಲೋಫೆನಾಕ್ ನುಂಗುವ ಹಿರಿಯರು ಪ್ರತಿ ಮನೆಯಲ್ಲೂ ಇದ್ದಾರೆ, ಅವರಿಗೆ ದಯವಿಟ್ಟು ಹೇಳಿ.

ಕರುಳು ಬಿಟ್ಟು ಬೇರೆ ಕಡೆ?

ಕ್ಲಾಡಿನ್-1 ಇಲ್ಲದ ಇಲಿಮರಿ ಚರ್ಮದಿಂದ ನೀರು ಆವಿಯಾಗಿ ಹುಟ್ಟಿದ ಒಂದೇ ದಿನದಲ್ಲಿ ಸಾಯುತ್ತದೆ. ಮಿದುಳಿನ ರಕ್ತನಾಳದಲ್ಲಿ ಕ್ಲಾಡಿನ್-5 ಇದೆ, ಅದಿಲ್ಲದಿದ್ದರೆ 800 ಡಾಲ್ಟನ್‌ಗಿಂತ (ಅಣುತೂಕದ ಅಳತೆ) ಸಣ್ಣ ಅಣುಗಳು ಮಿದುಳಿಗೆ ಸೋರುತ್ತವೆ. ಕ್ಲಾಡಿನ್-14 ಅಥವಾ ಟ್ರೈಸೆಲ್ಯುಲಿನ್ ಜೀನ್ ಕೆಟ್ಟರೆ ಹುಟ್ಟು ಕಿವುಡು ಬರಬಹುದು.

ಮೀನಿಗೂ ಟೈಟ್ ಜಂಕ್ಷನ್ ಇದೆಯಾ?

ಒಬ್ಬ ವಿದ್ಯಾರ್ಥಿ ತಮಾಷೆಗೆ ಕೇಳಿದ್ದು, ಆದರೆ ಇಡೀ ಪಾಠದಲ್ಲಿ ಇದಕ್ಕಿಂತ ಒಳ್ಳೆ ಪ್ರಶ್ನೆ ಇಲ್ಲ. ನೇತ್ರಾವತಿ, ಗುರುಪುರ ನದಿಗಳು ಸಮುದ್ರ ಸೇರುವ ಅಳಿವೆಯನ್ನೇ ನೋಡಿ. ಬೇಸಿಗೆಯಲ್ಲಿ ಉಪ್ಪು ನೀರು ಒಳಗೆ ಏರಿ ಬರುತ್ತದೆ, ಮಳೆಗಾಲದಲ್ಲಿ ಕೆಂಪು ನೆರೆ ಬಂದು ಉಪ್ಪೆಲ್ಲ ಹೊರಗೆ ಹೋಗುತ್ತದೆ. ಎರಡೂ ನೀರಿನಲ್ಲಿ ಬದುಕುವ ಮೀನು ಏನು ಮಾಡಬೇಕು?

ಉಪ್ಪು ನೀರಿನಲ್ಲಿ ಮೀನಿನ ರಕ್ತಕ್ಕಿಂತ ಹೊರಗೆ ಉಪ್ಪು ಜಾಸ್ತಿ. ಒಳಗೆ ಬಂದ ಉಪ್ಪನ್ನು ಕಿವಿರಿನಿಂದ ಹೊರಹಾಕಬೇಕು. ಕ್ಲೋರೈಡನ್ನು ಕೋಶದ ಮೂಲಕ ತಳ್ಳುತ್ತದೆ, ಸೋಡಿಯಂ ಮಾತ್ರ ಪಕ್ಕದ ಎರಡು ಕೋಶಗಳ ನಡುವಿನ ಸಡಿಲ ಜಂಕ್ಷನ್ನಿನಿಂದ ಹೊರಗೆ ಜಾರುತ್ತದೆ. ಅದೇ ಮೀನು ಸಿಹಿನೀರಿಗೆ ಬಂದರೆ ಲೆಕ್ಕ ಉಲ್ಟಾ. ಈಗ ರಕ್ತದ ಉಪ್ಪು ಹೊರಗೆ ಸೋರಿಹೋಗುವ ಭಯ. ಆಗ ಕಿವಿರಿನ ಜಂಕ್ಷನ್ ಬಿಗಿಯಾಗುತ್ತದೆ. ತಿಲಾಪಿಯಾದಲ್ಲಿ ನೋಡಿದಾಗ ಸಿಹಿನೀರಿನಲ್ಲಿ ಕೆಲವು ಕ್ಲಾಡಿನ್‌ಗಳು ಹೆಚ್ಚಾಗುವುದು ಕಂಡಿದೆ. ಮೀನು ಅದೇ, ಕಿವಿರೂ ಅದೇ. ಯಾವ ನೀರಿನಲ್ಲಿದೆ ಅನ್ನುವುದರ ಮೇಲೆ ಯಾವ ಪ್ರೋಟೀನ್ ಬೇಕು ಅಂತ ತೀರ್ಮಾನವಾಗುತ್ತದೆ.

ಟೈಟ್ ಜಂಕ್ಷನ್ ಮೇಲೆ ಕೆಲಸ ಮಾಡುವ ಔಷಧ ಬಂದಿದೆಯಾ?

ಸೋರುವಿಕೆ ನಿಲ್ಲಿಸುವುದಕ್ಕೆ ಬಂದಿಲ್ಲ. ಸೀಲಿಯಾಕ್ ರೋಗಕ್ಕೆ ಲಾರಜೋಟೈಡ್ ಅಂತ ಒಂದು ಮೂರನೇ ಹಂತದ ಪ್ರಯೋಗದವರೆಗೂ ಹೋಗಿತ್ತು, 2022ರಲ್ಲಿ ಅದನ್ನು ನಿಲ್ಲಿಸಿದರು. ಗೆದ್ದದ್ದು ಬೇರೆ ದಾರಿಯಲ್ಲಿ. ಜಠರದ ಒಳಪದರದಲ್ಲಿ ಕ್ಲಾಡಿನ್-18.2 ಇದೆ, ಸಾಮಾನ್ಯವಾಗಿ ಜಂಕ್ಷನ್ನಿನೊಳಗೆ ಹುದುಗಿರುತ್ತದೆ. ಜಠರದ ಕ್ಯಾನ್ಸರಿನಲ್ಲಿ ಕೋಶಗಳು ಶಿಸ್ತು ತಪ್ಪಿದಾಗ ಅದು ಹೊರಗೆ ಕಾಣಿಸಿಕೊಳ್ಳುತ್ತದೆ. ಅದನ್ನೇ ಗುರಿಯಿಟ್ಟು ಹಿಡಿಯುವ ಝೋಲ್ಬೆಟುಕ್ಸಿಮ್ಯಾಬ್ ಅನ್ನುವ ಪ್ರತಿಕಾಯಕ್ಕೆ 2024ರಲ್ಲಿ ಜಪಾನ್ ಮತ್ತು ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಗಡ್ಡೆಯಲ್ಲಿ ಆ ಕ್ಲಾಡಿನ್ ಇದೆ ಅಂತ ಮೊದಲು ಪರೀಕ್ಷೆ ಮಾಡಿ ಖಾತ್ರಿಯಾದವರಿಗೆ ಮಾತ್ರ, ಕೀಮೋ ಜೊತೆ ಕೊಡುತ್ತಾರೆ.